ಕಸ ಗುಡಿಸದ ಮೀನು

ಅಕ್ವೇರಿಯಂ ಅಂಗಡಿಗೆ ಒಮ್ಮೆಯಾದರೂ ಹೋದವರಿಗೆ ಈ ಮಾತು ಗೊತ್ತಿರುತ್ತೆ. ಗೋಲ್ಡ್ ಫಿಶ್ಶೋ, ಗಪ್ಪಿಯೋ, ಏಂಜೆಲ್ಲೋ ಆರಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿಸಿ, ದುಡ್ಡು ಕೊಡೋ ಹೊತ್ತಿಗೆ ಅಂಗಡಿಯವನು ಮೆಲ್ಲಗೆ ಶುರು ಮಾಡ್ತಾನೆ. "ಸಾರ್, ಒಂದು ಕ್ಲೀನರ್ ಹಾಕ್ಲಾ? ತಳದಲ್ಲಿ ಬಿದ್ದಿದ್ದೆಲ್ಲ ತಿಂದ್ಕೊಂಡು ಟ್ಯಾಂಕ್ ಕ್ಲೀನಾಗಿಡುತ್ತೆ. ಅದಕ್ಕೆ ಅಂತ ಬೇರೆ ಫುಡ್ಡೂ ಬೇಡ." ಊಟ ಬೇಡ, ಸಂಬಳ ಬೇಡ, ರಜೆ ಕೇಳೋದಿಲ್ಲ. ಇಂಥಾ ಕೆಲಸದಾಳು ಸಿಕ್ಕರೆ ಯಾರು ಬಿಡ್ತಾರೆ ಹೇಳಿ? ಇನ್ನೊಂದು ಪುಟ್ಟ ಕವರು ಕೈಗೆ ಬಂದೇ ಬರುತ್ತೆ.

ಹೀಗೆ 'ಕ್ಲೀನರ್' ಅಂತ ಮಾರಾಟವಾಗೋದು ಮುಖ್ಯವಾಗಿ ಎರಡು ಥರದ ಮೀನು. ಒಂದು, ಗಾಜಿಗೆ ಬಾಯಿ ಅಂಟಿಸಿಕೊಂಡು ನಿಲ್ಲೋ ಕಪ್ಪು ಬಣ್ಣದ ಸಕ್ಕರ್. ಇನ್ನೊಂದು, ಹೆಬ್ಬೆರಳುದ್ದದ, ಬಾಯಿ ಸುತ್ತ ಪುಟ್ಟ ಪುಟ್ಟ ಮೀಸೆ ಇರೋ, ಇಡೀ ದಿನ ತಳದಲ್ಲೇ ಮೂಗು ಊರಿಕೊಂಡು ಓಡಾಡೋ ಕೋರಿಡೋರಾಸ್. ಮೀನು ಸಾಕೋ ಹುಚ್ಚಿನವರು ಸಲಿಗೆಯಿಂದ ಬರೀ 'ಕೋರಿ' ಅಂತ ಕರೀತಾರೆ. (ಮಂಗಳೂರಿನವರು ಕ್ಷಮಿಸಬೇಕು, ಇದು ರೊಟ್ಟಿ ಜೊತೆ ತಿನ್ನೋ ಕೋರಿ ಅಲ್ಲ :) )

ನಾನೀಗ ಹೇಳಹೊರಟಿರೋದು ಈ ಎರಡನೆಯ ಮೀನಿನ ಬಗ್ಗೆ. ಇದನ್ನು ಮನೆಯಲ್ಲೇ ಮರಿ ಮಾಡಿಸಿದ ಬಗ್ಗೆ. ಮತ್ತೆ, ಮರಿ ಆದಮೇಲೆ ಎದುರಾದ ಒಂದು ಪ್ರಶ್ನೆಯ ಬಗ್ಗೆ.

ನಮ್ಮ ಮನೆಗೆ ಮೊದಲ ಕೋರಿ ಬಂದದ್ದು 2022ರಲ್ಲಿ. ಕೆಳಗಿನ ಮನೆಯವರು ಊರು ಬಿಡೋವಾಗ ತಮ್ಮ ಟ್ಯಾಂಕನ್ನು ನಮಗೆ ಕೊಟ್ಟು ಹೋದರು. ಉಳಿದ ಮೀನುಗಳೆಲ್ಲ ಅಷ್ಟರಲ್ಲಿ ಖಾಲಿ. ಒಂದು ಕೋರಿ ಮಾತ್ರ ಮೂಲೆಯಲ್ಲಿ, ಫಿಲ್ಟರಿನ ಹಿಂದೆ ಕೂತಿತ್ತು. ಹೊಟ್ಟೆ ಒಳಕ್ಕೆ ಹೋಗಿತ್ತು. ಮೀಸೆ ಇರಬೇಕಾದ ಜಾಗದಲ್ಲಿ ಸವೆದು ಹೋದ ಮೋಟು. ಎರಡು ವರ್ಷ ಒಂಟಿಯಾಗಿ, ನೀಲಿ ಬಣ್ಣ ಬಳಿದ ಚೂಪು ಜಲ್ಲಿಯ ಮೇಲೆ, ಬೇರೆಯವರು ತಿಂದು ಬಿಟ್ಟಿದ್ದನ್ನು ಹುಡುಕಿಕೊಂಡು ಬದುಕಿದ್ದ ಮೀನು ಅದು.

ಅದಕ್ಕೆ ಜೊತೆಗಿರಲಿ ಅಂತ ಇನ್ನೂ ಐದು ತಂದೆ. ಕಥೆ ಅಲ್ಲಿಂದ ಶುರು.

*

ಮೊದಲು ಸ್ವಲ್ಪ ಪರಿಚಯ. ನನ್ನ ಹತ್ತಿರ ಇರೋದು ಬ್ರಾಂಜ್ ಕೋರಿ, ಅಂದ್ರೆ ಕಂಚಿನ ಬಣ್ಣದ್ದು. ತವರು ದಕ್ಷಿಣ ಅಮೆರಿಕ. 1858ರಲ್ಲಿ ಗಿಲ್ ಅನ್ನೋ ವಿಜ್ಞಾನಿ ಟ್ರಿನಿಡಾಡ್ ದ್ವೀಪದ ಮೀನನ್ನು ನೋಡಿ ಇದಕ್ಕೆ ಹೆಸರಿಟ್ಟ. ಅಂಗಡಿಗಳಲ್ಲಿ ಸಿಗೋ ಕೆಂಪು ಕಣ್ಣಿನ ಬಿಳಿ ಕೋರಿ ಬಹುಪಾಲು ಇದೇ ಜಾತಿಯ ಬಿಳಿಚು ತಳಿ. ಗ್ರೀಕ್ ಭಾಷೆಯಲ್ಲಿ 'ಕೋರಿಸ್' ಅಂದ್ರೆ ಶಿರಸ್ತ್ರಾಣ, 'ಡೋರಾ' ಅಂದ್ರೆ ಚರ್ಮ. ಇದರ ಮೈಮೇಲೆ ಬೇರೆ ಮೀನುಗಳ ಹಾಗೆ ಹುರುಪೆ ಇಲ್ಲ. ಎರಡೂ ಪಕ್ಕದಲ್ಲಿ ಎರಡೆರಡು ಸಾಲು ಮೂಳೆಯ ಫಲಕಗಳು, ಹೆಂಚು ಹೊದಿಸಿದ ಹಾಗೆ. ಅದಕ್ಕೇ ಆ ಹೆಸರು. 2024ರಲ್ಲಿ ಈ ಇಡೀ ಗುಂಪನ್ನು ಮತ್ತೆ ವಿಂಗಡಿಸಿ, ಒಂದು ಕುಲವನ್ನು ಹಲವಾಗಿ ಮಾಡಿದರು. ಅದರ ಪ್ರಕಾರ ನನ್ನ ಮೀನು ಈಗ ಕೋರಿಡೋರಾಸ್ ಅಲ್ಲವೇ ಅಲ್ಲ, ಆಸ್ಟಿಯೋಗಾಸ್ಟರ್. ಅಂಗಡಿಯವನಿಗೆ ಇದನ್ನು ಹೇಳಿದೆ. "ಯಾವ ಹೆಸರಾದ್ರೇನು ಸಾರ್, ಕ್ಲೀನರ್ ತಾನೆ" ಅಂದ.

ಕೋರಿಯನ್ನು ಅರ್ಧ ಗಂಟೆ ಸುಮ್ಮನೆ ಕೂತು ನೋಡಿದವರು ಮತ್ತೆ ಬೇರೆ ಮೀನು ನೋಡೋದು ಕಷ್ಟ. ಇದು ಕಣ್ಣು ಮಿಟುಕಿಸುತ್ತೆ! ರೆಪ್ಪೆ ಇಲ್ಲ, ಆದರೆ ಕಣ್ಣುಗುಡ್ಡೆಯನ್ನು ಸರಕ್ಕನೆ ಕೆಳಕ್ಕೆ ತಿರುಗಿಸುತ್ತೆ. ಯಾರೋ ತುಂಟ ಹುಡುಗ ಕಣ್ಣು ಹೊಡೆದ ಹಾಗೆ. ಆಗಾಗ ಬಾಣದ ಹಾಗೆ ಮೇಲಕ್ಕೆ ನುಗ್ಗಿ ಒಂದು ಗುಟುಕು ಗಾಳಿ ಕುಡಿದು ವಾಪಸ್ ತಳಕ್ಕೆ ಬರುತ್ತೆ. ನಮ್ಮ ಮುರುಗೋಡು ಮೀನಿಗೂ ಗಾಳಿ ಕುಡಿಯೋಕೆ ಬರುತ್ತೆ, ಅದಕ್ಕೆ ಕಿವಿರಿನ ಮೇಲೆ ಬೇರೆಯೇ ಅಂಗ ಇದೆ. ಕೋರಿಯದ್ದು ವಿಚಿತ್ರ, ಗಾಳಿಯನ್ನು ನುಂಗಿ ಕರುಳಿನಲ್ಲಿ ಉಸಿರಾಡುತ್ತೆ. (ಈ ಕರುಳಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.)

ಎಲ್ಲಕ್ಕಿಂತ ಮುಖ್ಯ, ಇದು ಗುಂಪಿನ ಪ್ರಾಣಿ. ಸಾಲಾಗಿ ಹೋಗ್ತವೆ, ಒಂದರ ಪಕ್ಕ ಒಂದು ಒರಗಿ ಮಲಗ್ತವೆ, ಹೊರಡೋ ಮುಂಚೆ ಪಕ್ಕದವನನ್ನು ಮೂತಿಯಿಂದ ತಿವೀತವೆ, "ಏಳೋ, ಹೋಗೋಣ" ಅನ್ನೋ ಥರ. ಹೊಸ ಐದು ಮೀನು ಬಿಟ್ಟ ದಿನ ಆ ಹಳೇ ಮೀನು ಫಿಲ್ಟರಿನ ಹಿಂದಿನಿಂದ ಹೊರಗೆ ಬಂದು ಅವುಗಳ ಹಿಂದೆ ಟ್ಯಾಂಕಿನ ಉದ್ದಕ್ಕೂ ಓಡಿತು. ಅದು ಅಷ್ಟು ಓಡಬಲ್ಲದು ಅನ್ನೋದೇ ನಮಗೆ ಗೊತ್ತಿರಲಿಲ್ಲ.

ಇನ್ನು ಕಸ ಗುಡಿಸೋ ವಿಷಯ. ಕೋರಿ ಬೇರೆ ಮೀನಿನ ಹಿಕ್ಕೆ ತಿನ್ನೋದಿಲ್ಲ. ಪಾಚಿಯನ್ನೂ ನೆಚ್ಚಿಕೊಂಡು ಬದುಕೋದಿಲ್ಲ. ಅದಕ್ಕೆ ಬೇಕಾದ್ದು ಮರಳಿನಲ್ಲಿ ಅವಿತಿರೋ ಹುಳು, ಸಣ್ಣ ಜಂತು. ಮೂತಿಯನ್ನು ಕಣ್ಣಿನ ತನಕ ಮರಳಲ್ಲಿ ಹುದುಗಿಸಿ, ಮೀಸೆಯಿಂದ ತಡಕಿ, ಮರಳನ್ನು ಬಾಯಿಗೆ ತೆಗೆದುಕೊಂಡು ಕಿವಿರಿನಿಂದ ಹೊರಗೆ ಬಿಡುತ್ತೆ. ಅಮ್ಮ ಅಕ್ಕಿ ಆರಿಸೋ ಹಾಗೆ. ಮೇಲಿನ ಮೀನು ಬಿಟ್ಟಿದ್ದು ಸಿಕ್ಕರೆ ತಿನ್ನುತ್ತೆ, ಆದರೆ ಅದರಲ್ಲೇ ಹೊಟ್ಟೆ ತುಂಬೋದಿಲ್ಲ. ತಳದಲ್ಲಿ ಕೊಳೆ ಕೂತರೆ ಮೊದಲು ನರಳೋದೂ ಇದೇ, ಯಾಕಂದ್ರೆ ಇದರ ಮೀಸೆ ಇಡೀ ದಿನ ಆ ಕೊಳೆಯಲ್ಲೇ ಇರುತ್ತೆ. ಕೊಳೆ ಮತ್ತು ಚೂಪು ಜಲ್ಲಿ, ಎರಡೂ ಸೇರಿ ಮೀಸೆ ಸವೆಸಿಬಿಡ್ತವೆ. ಅಂದ್ರೆ ಟ್ಯಾಂಕು ಸ್ವಚ್ಛ ಇಡಲಿ ಅಂತ ತಂದ ಮೀನಿಗೆ ಎಲ್ಲರಿಗಿಂತ ಸ್ವಚ್ಛವಾದ ತಳ ಬೇಕು. ತಮಾಷೆ ಅಲ್ವಾ?

ಹಾಗಾಗಿ ಜಲ್ಲಿ ತೆಗೆದು ನುಣುಪಾದ ಮರಳು ಹಾಕಿದೆ. (ಕಟ್ಟಡಕ್ಕೆ ಬಳಸೋ ಎಂ-ಸ್ಯಾಂಡ್ ಬೇಡ. ಅದು ಕಲ್ಲು ಪುಡಿ ಮಾಡಿದ್ದು, ಅಂಚು ಚೂಪಾಗಿರುತ್ತೆ.) ರಾತ್ರಿ ದೀಪ ಆರಿಸಿದ ಮೇಲೆ ಮುಳುಗೋ ಗುಳಿಗೆ, ವಾರಕ್ಕೆ ಎರಡು ಮೂರು ಸಲ ಹುಳು. ನಾಲ್ಕೈದು ತಿಂಗಳಲ್ಲಿ ಹಳೇ ಮೀನಿನ ಮೀಸೆ ಸ್ವಲ್ಪ ಸ್ವಲ್ಪವಾಗಿ ಮತ್ತೆ ಬಂತು!

*

ಈಗ ಮರಿ ವಿಷಯಕ್ಕೆ ಬರೋಣ.

ಗಂಡು ಹೆಣ್ಣು ಗುರುತಿಸೋದು ಮೇಲಿಂದ ನೋಡಿದರೆ ಸುಲಭ. ಹೆಣ್ಣು ದೊಡ್ಡದು, ನಡು ದುಂಡಗೆ. ಗಂಡು ಸಣ್ಣದು, ನೀಳ. ಒಂದು ಹೆಣ್ಣಿಗೆ ಎರಡು ಗಂಡು ಇದ್ದರೆ ಒಳ್ಳೇದು ಅಂತಾರೆ. ನಮ್ಮ ಹಳೇದು ಹೆಣ್ಣು, ಹೊಸ ಐದರಲ್ಲಿ ನಾಲ್ಕು ಗಂಡು ಒಂದು ಹೆಣ್ಣು. ಲೆಕ್ಕ ತಾನಾಗಿ ಕೂಡಿಬಂದಿತ್ತು.

ಎರಡನೆಯದು, ಚೆನ್ನಾಗಿ ತಿನ್ನಿಸಬೇಕು. ಒಣ ಗುಳಿಗೆ ಸಾಲದು, ಫ್ರೋಜನ್ ಬ್ಲಡ್ ವರ್ಮ್, ಆರ್ಟೀಮಿಯಾ ಇಂಥವು ಬೇಕು. ಅಂಗಡಿಯಲ್ಲಿ ಕೆಂಪು ದಾರದುಂಡೆ ಹಾಗೆ ಮಾರೋ ಜೀವಂತ ಟ್ಯೂಬಿಫೆಕ್ಸ್ ಹುಳುವಿನಿಂದ ನಾನು ದೂರ. ಅದು ಬೆಳೆಯೋದು ಚರಂಡಿಯಂಥ ಕೆಸರಿನಲ್ಲಿ, ರೋಗವೂ ಜೊತೆಗೇ ಬರಬಹುದು.

ಮೂರನೆಯದು ಮಳೆ. ಹೌದು, ಮಳೆ!

ಮಲೆನಾಡಿನವರಿಗೆ ಹತ್ತು ಮೀನು ಗೊತ್ತಿರುತ್ತೆ. ಮುಂಗಾರಿನ ಮೊದಲ ನೆರೆ ಬಂದಾಗ ಹೊಳೆಯ ಮೀನುಗಳು ನೀರಿಗೆ ಎದುರಾಗಿ ಹಳ್ಳ ಹತ್ತಿ, ಗದ್ದೆಗೆಲ್ಲ ನುಗ್ಗಿ ಮೊಟ್ಟೆ ಇಡ್ತವೆ. ದಕ್ಷಿಣ ಅಮೆರಿಕದ ಕೋರಿಗೂ ಲೆಕ್ಕ ಅದೇ. ಮಳೆಗಾಲ ಬಂತು ಅಂದ್ರೆ ತಣ್ಣನೆಯ ಹೊಸ ನೀರು, ತುಂಬ ಆಹಾರ, ಮರಿಗಳಿಗೆ ಅವಿತುಕೊಳ್ಳೋಕೆ ಜಾಗ. ಅದಕ್ಕೇ ಟ್ಯಾಂಕಿನಲ್ಲಿ ಮರಿ ಮಾಡಿಸೋರು ಮಳೆಯ ನಾಟಕ ಆಡ್ತಾರೆ. ಅರ್ಧ ನೀರು ತೆಗೆದು ಮೂರು ನಾಲ್ಕು ಡಿಗ್ರಿ ತಣ್ಣಗಿರೋ ನೀರನ್ನು ಸುರಿಯೋದು. ಹೊರಗೆ ನಿಜವಾಗಲೂ ಮಳೆ ಬರೋವಾಗ, ಗಾಳಿಯ ಒತ್ತಡ ಇಳಿದಿರೋವಾಗ ಮಾಡಿದರೆ ಇನ್ನೂ ಒಳ್ಳೇದು ಅನ್ನೋದು ಸಾಕೋರ ಅನುಭವದ ಮಾತು.

2024ರ ಅಕ್ಟೋಬರ್ ಬೆಂಗಳೂರಿನವರಿಗೆ ನೆನಪಿರಬೇಕು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ, ಇಲ್ಲಿ ದಿನಗಟ್ಟಲೆ ಮಳೆ, ಯಲಹಂಕದ ಕಡೆ ಅಪಾರ್ಟ್‌ಮೆಂಟಿನೊಳಗೆಲ್ಲ ನೀರು. ಆ ವಾರದ ಒಂದು ರಾತ್ರಿ, ಕ್ಲೋರಿನ್ ತೆಗೆದು ಬಾಲ್ಕನಿಯಲ್ಲಿ ಇಟ್ಟಿದ್ದ ಎರಡು ಬಕೆಟ್ ತಣ್ಣನೆ ನೀರನ್ನು ಟ್ಯಾಂಕಿಗೆ ಸುರಿದೆ. ಟ್ಯಾಂಕು 26 ಡಿಗ್ರಿ ಇದ್ದದ್ದು 22ಕ್ಕೆ ಇಳೀತು. ಮಾರನೇ ದಿನವೂ ಹಾಗೇ ಮಾಡಿದೆ.

ಮೂರನೇ ದಿನ ಬೆಳಗ್ಗೆ ಎದ್ದು ನೋಡಿದರೆ ನಾಲ್ಕು ಗಂಡುಗಳೂ ಹಳೇ ಹೆಣ್ಣಿನ ಹಿಂದೆ ಬಿದ್ದಿವೆ! ಗಾಜಿನ ಉದ್ದಕ್ಕೂ ಮೇಲೆ ಕೆಳಗೆ, ಮೇಲೆ ಕೆಳಗೆ. ಯೋಚನೆ ಮಾಡಿ. ಈ ಮೀನುಗಳ ಅಜ್ಜ ಮುತ್ತಜ್ಜರೂ ಹೊಳೆ ನೋಡಿದವರಲ್ಲ. ಎಷ್ಟೋ ತಲೆಮಾರಿನಿಂದ ಸಿಮೆಂಟು ತೊಟ್ಟಿ, ಪ್ಲಾಸ್ಟಿಕ್ ಕವರು, ಗಾಜಿನ ಪೆಟ್ಟಿಗೆ. ಆದರೂ ಮಳೆ ಅಂದ್ರೆ ಏನು ಅಂತ ಮೈಗೆ ಗೊತ್ತು.

ಆಮೇಲಿನದು ಇನ್ನೂ ವಿಚಿತ್ರ. ಗಂಡು ಅಡ್ಡಡ್ಡ ನಿಲ್ಲುತ್ತೆ. ಹೆಣ್ಣು ನೇರ ಬಂದು ಅದರ ಹೊಟ್ಟೆಯ ಹತ್ತಿರ ಬಾಯಿ ಅಂಟಿಸುತ್ತೆ. ಎರಡೂ ಸೇರಿ ಇಂಗ್ಲಿಷಿನ 'ಟಿ' ಅಕ್ಷರದ ಹಾಗೆ ಕಾಣ್ತವೆ. ಕೆಲವೇ ಕ್ಷಣ. ಆಗಲೇ ಹೆಣ್ಣು ತನ್ನ ಹೊಟ್ಟೆ ಕೆಳಗಿನ ಎರಡು ರೆಕ್ಕೆಗಳನ್ನು ಬೊಗಸೆ ಹಾಗೆ ಜೋಡಿಸಿ ಅದರೊಳಗೆ ಎರಡೋ ಮೂರೋ ನಾಲ್ಕೋ ಮೊಟ್ಟೆ ಇಟ್ಟುಕೊಳ್ಳುತ್ತೆ. ಬಾಯಿ ಅಂಟಿಸಿದ್ದು ಗಂಡಿಗೆ, ಮೊಟ್ಟೆ ಇರೋದು ರೆಕ್ಕೆಯಲ್ಲಿ, ಹಾಗಾದರೆ ಫಲಿತ ಆಗೋದು ಹೇಗೆ? 1995ರಲ್ಲಿ ಕೊಹ್ದಾ ಮತ್ತು ಸಂಗಡಿಗರು ಇದೇ ಬ್ರಾಂಜ್ ಕೋರಿಯ ಮೇಲೆ ಪ್ರಯೋಗ ಮಾಡಿ ಬರೆದರು: ಹೆಣ್ಣು ವೀರ್ಯವನ್ನು ಕುಡಿಯುತ್ತೆ, ಅದು ಕರುಳಿನ ಮೂಲಕ ಹಾದು ಮೊಟ್ಟೆ ಇರೋ ಬೊಗಸೆಗೆ ಬಂದು ಸೇರುತ್ತೆ. ಹೆಣ್ಣಿನ ಬಾಯಿಗೆ ನೀಲಿ ಬಣ್ಣ ಬಿಟ್ಟು ನೋಡಿದಾಗ ಅದು ಕೆಲವೇ ಸೆಕೆಂಡಿನಲ್ಲಿ ಹಿಂದಿನಿಂದ ಹೊರಗೆ ಬಂತಂತೆ. ಗಾಳಿ ಕುಡಿಯೋ ಕರುಳು ನೆನಪಿದೆಯಲ್ಲ, ಅದೇ ಕರುಳು!

ಬೊಗಸೆಯಲ್ಲಿ ಮೊಟ್ಟೆ ಹೊತ್ತ ಹೆಣ್ಣು ಜಾಗ ಹುಡುಕುತ್ತೆ. ಗಾಜಿನ ಮೇಲೆ ಒಂದು ಕಡೆ ಬಾಯಿಂದ ಉಜ್ಜಿ, ಹೊಟ್ಟೆ ಒತ್ತಿ ಮೊಟ್ಟೆ ಅಂಟಿಸುತ್ತೆ. ಮತ್ತೆ ಗಂಡು, ಮತ್ತೆ ಬೊಗಸೆ, ಮತ್ತೆ ಗಾಜು. ಹನ್ನೊಂದು ಗಂಟೆಯವರೆಗೂ ನಡೀತು. ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿದೆ. ಕಾರಣ ಏನು ಅಂತ ಬರೆದೆ ಅನ್ನೋದು ಇಲ್ಲಿ ಬೇಡ :)

*

ಮೊಟ್ಟೆ ಇಟ್ಟು ಮುಗಿದ ಕೂಡಲೇ ಅಪ್ಪ ಅಮ್ಮನೇ ಅದನ್ನು ತಿನ್ನೋಕೆ ಶುರು ಮಾಡ್ತಾರೆ. ಹಾಗಾಗಿ ಮೊಟ್ಟೆ ಬೇರೆ ಮಾಡಬೇಕು. ಇಟ್ಟ ಸ್ವಲ್ಪ ಹೊತ್ತಿಗೆ ಸಿಪ್ಪೆ ಗಟ್ಟಿಯಾಗುತ್ತೆ, ಬೆರಳ ತುದಿಯಿಂದ ಮೆಲ್ಲಗೆ ಉರುಳಿಸಿದರೆ ಬಿಟ್ಟುಕೊಳ್ಳುತ್ತೆ. ಸಾಬಕ್ಕಿ ಕಾಳಿನ ಹಾಗೆ, ಆದರೆ ಅಂಟು. ಲೆಕ್ಕ ಮಾಡಿದರೆ 112!

ಒಂದು ಐಸ್‌ಕ್ರೀಂ ಡಬ್ಬಿಗೆ ಅದೇ ಟ್ಯಾಂಕಿನ ನೀರು, ಗಾಳಿಯ ಪೈಪು, ಒಂದು ಒಣಗಿದ ಕಾಡುಬಾದಾಮಿ ಎಲೆ. ನಮ್ಮ ರಸ್ತೆ ಬದಿಯಲ್ಲಿ ಕೆಂಪಗೆ ಹಣ್ಣಾಗಿ ಉದುರುತ್ತಲ್ಲ, ಅದೇ ಎಲೆ. ಅದರ ಒಗರಿಗೆ ಬೂಸ್ಟು ಹತ್ತೋದು ಕಡಿಮೆ. ಮೆಥಿಲೀನ್ ಬ್ಲೂ ಹಾಕೋರೂ ಇದ್ದಾರೆ. ಎರಡನೇ ದಿನಕ್ಕೆ ಫಲಿತವಾಗದ ಮೊಟ್ಟೆ ಬೆಳ್ಳಗಾಗಿ ಹತ್ತಿ ಹಾಗೆ ಬೂಸ್ಟು ಬರುತ್ತೆ. ಅದನ್ನು ಆಗಲೇ ತೆಗೀದೇ ಹೋದರೆ ಪಕ್ಕದ ಒಳ್ಳೇ ಮೊಟ್ಟೆಗೂ ಹರಡುತ್ತೆ. ಬೆಳಗ್ಗೆ ಸಂಜೆ ಡ್ರಾಪರ್ ಹಿಡಿದು ಕೂತು 34 ಮೊಟ್ಟೆ ತೆಗೆದೆ. ಉಳಿದವು ಕಂದು ಬಣ್ಣಕ್ಕೆ ತಿರುಗಿದವು. ಮೂರನೇ ದಿನ ಟಾರ್ಚ್ ಹಿಡಿದರೆ ಒಳಗೆ ಎರಡು ಕಪ್ಪು ಚುಕ್ಕೆ. ಕಣ್ಣು! ನಾಲ್ಕನೇ ದಿನ ಸಂಜೆ ಒಂದೊಂದಾಗಿ ಹೊರಗೆ ಬಂದವು. ಹೊಟ್ಟೆಗೆ ಭಂಡಾರ ಕಟ್ಟಿಕೊಂಡ ಒಂದು ದಾರದ ತುಂಡು, ಅಷ್ಟೇ. 71 ಮರಿ.

ಎರಡು ದಿನ ಹೊಟ್ಟೆಯ ಭಂಡಾರದಲ್ಲೇ ಬದುಕ್ತವೆ. ಆಮೇಲೆ ಊಟ ಹಾಕಬೇಕು. ಸಾಧ್ಯವಾದಷ್ಟೂ ಜೀವಂತ ಊಟ, ದಿನಕ್ಕೆ ಮೂರು ಸಲ. ಅದಕ್ಕೆ ಒಂದು ಸೋಡಾ ಬಾಟಲಿಯ ತಳ ಕತ್ತರಿಸಿ, ತಲೆಕೆಳಗು ನಿಲ್ಲಿಸಿ, ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು ಬೆರೆಸಿ, ಆರ್ಟೀಮಿಯಾ ಮೊಟ್ಟೆಯ ಪುಡಿ ಚಿಟಿಕೆ ಹಾಕಿ ಗಾಳಿ ಬಿಡಬೇಕು. ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಧೂಳಿನ ಹಾಗೆ ಮರಿಗಳು ಏಳ್ತವೆ. ಬೆಳಕು ಹಿಡಿದ ಕಡೆಗೇ ಬಂದು ಸೇರ್ತವೆ, ಪೈಪಿನಲ್ಲಿ ಎಳೆದು, ಸಿಹಿನೀರಲ್ಲಿ ತೊಳೆದು ಹಾಕೋದು. ಆ ಬಾಟಲಿ ಇದ್ದದ್ದು ಅಡುಗೆಮನೆ ಕಿಟಕಿಯಲ್ಲಿ. ಆರ್ಟೀಮಿಯಾ ಪೊಟ್ಟಣ ಇದ್ದದ್ದು ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಕ್ಕ. ಅಮ್ಮ ಒಂದೇ ಮಾತು ಹೇಳಿದ್ದು: "ನಿನ್ನನ್ನ ಬೆಳೆಸೋಕೂ ಇಷ್ಟು ರಗಳೆ ಇರ್ಲಿಲ್ಲ."

ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ತಿಂದಿದೆ ಅಂತ ಅರ್ಥ. ತಳದಲ್ಲಿ ಉಳಿದದ್ದನ್ನು ದಿನಾ ತೆಗೆದು ನೀರು ಬದಲಿಸಬೇಕು. ಈ ಜಾತಿಯ ಮರಿಯ ಕೈಲೂ ಕಸ ಗುಡಿಸೋಕೆ ಆಗೋಲ್ಲ. ಅದರ ತಳವನ್ನು ನಾವೇ ಗುಡಿಸಬೇಕು! ಮೊದಲ ಎರಡು ವಾರದಲ್ಲಿ ಎಷ್ಟು ಜಾಗ್ರತೆ ಮಾಡಿದರೂ ಕೆಲವು ಹೋಗ್ತವೆ. ಬೆನ್ನ ಮೇಲೆ ಹಾಯಿಯಂಥ ರೆಕ್ಕೆ, ಮೈಮೇಲೆ ಚುಕ್ಕೆ, ಆಮೇಲೆ ಮೀಸೆ, ಆಮೇಲೆ ನಿಧಾನಕ್ಕೆ ಕಂಚಿನ ಬಣ್ಣ. ಜನವರಿಗೆ ಒಂದಿಂಚಿಗೆ ಹತ್ತಿರದ 46 ಕೋರಿಗಳು ನನ್ನ ಕೈಲಿದ್ದವು.

*

ಈಗ ಆ ಪ್ರಶ್ನೆ. 46 ಮೀನು ಏನು ಮಾಡೋದು?

ಹತ್ತಿರದ ಅಂಗಡಿಯವನು ಅಷ್ಟನ್ನೂ ತಗೋತೀನಿ ಅಂದ. ರೇಟು ಕಮ್ಮಿ, ಅದು ಬಿಡಿ. ಅಲ್ಲಿಂದ ಅವು ಒಂದೊಂದಾಗಿ 46 ಮನೆಗೆ ಕ್ಲೀನರ್ ಆಗಿ ಹೋಗ್ತವೆ. 46 ಮೂಲೆ, 46 ನೀಲಿ ಜಲ್ಲಿ, ಸವೆದ 46 ಮೂತಿ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬದುಕೋ ಜೀವ ಇದು. ಬೇಡ ಅಂದೆ.

ಗೊತ್ತಿರೋರಿಗೆಲ್ಲ ಹೇಳಿದೆ. ದುಡ್ಡು ಬೇಡ, ಮೂರೇ ಷರತ್ತು. ಆರಕ್ಕಿಂತ ಕಡಿಮೆ ಕೊಡೋದಿಲ್ಲ. ತಳಕ್ಕೆ ಮರಳು ಇರಬೇಕು. ಅದರದ್ದೇ ಊಟ ಹಾಕಬೇಕು. ಎಲ್ಲರಿಂದಲೂ ಒಂದೇ ಉತ್ತರ: "ಅಷ್ಟೆಲ್ಲ ಯಾಕೆ? ಒಂದು ಕೊಡಿ ಸಾಕು, ಕ್ಲೀನಿಂಗಿಗೆ." ಒಬ್ಬರಂತೂ ಬೇಜಾರು ಮಾಡಿಕೊಂಡು ಹೇಳಿದರು, "ಮಗಳಿಗೆ ಗಂಡು ಹುಡುಕಿದ ಹಾಗೆ ಮಾಡ್ತೀರಲ್ರೀ." ಇನ್ನೊಬ್ಬರ ಸಲಹೆ, "ಉಳಿದದ್ದನ್ನ ಕೆರೆಗೆ ಬಿಟ್ಬಿಡಿ, ಪುಣ್ಯ ಬರುತ್ತೆ."

ಈ ಪುಣ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲು ಹೇಳಿದೆನಲ್ಲ, ಇನ್ನೊಂದು ಕ್ಲೀನರ್ ಮೀನು, ಕಪ್ಪು ಸಕ್ಕರ್. ಅದೂ ದಕ್ಷಿಣ ಅಮೆರಿಕದ್ದೇ. ಅಂಗಡಿಯಲ್ಲಿ ಎರಡಿಂಚು ಇರುತ್ತೆ, ಬೆಳೆದರೆ ಒಂದಡಿಗೂ ಮೀರುತ್ತೆ. ಟ್ಯಾಂಕಿನಲ್ಲಿ ಹಿಡಿಸೋದಿಲ್ಲ, ಕೊಲ್ಲೋಕೆ ಮನಸ್ಸು ಬರೋದಿಲ್ಲ, ಜನ ತಂದು ಕೆರೆಗೆ ಬಿಡ್ತಾರೆ. ಈಗ ದಕ್ಷಿಣ ಭಾರತದ ಎಷ್ಟೋ ಕೆರೆ ಹೊಳೆಗಳಲ್ಲಿ ಮೀನುಗಾರರ ಬಲೆಗೆ ಅದೇ ಬೀಳುತ್ತೆ. ಮೈಮೇಲಿನ ಮೂಳೆ ಮುಳ್ಳಿಗೆ ಬಲೆ ಹರಿಯುತ್ತೆ, ಮಾರೋಣ ಅಂದ್ರೆ ಕೊಳ್ಳೋರಿಲ್ಲ, ದಡದಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತೆ. ಒಂದು ಮನೆಯ ಗಾಜು ಸ್ವಚ್ಛ ಆಗಲಿ ಅಂತ ತಂದದ್ದು ಊರಿನ ಕೆರೆಗೆ ಕಸವಾಗಿ ಕೂತಿದೆ. ಕೋರಿ ಅಷ್ಟು ಕೆಡುಕು ಮಾಡದೇ ಇರಬಹುದು, ಆದರೆ ನಮ್ಮ ಕೆರೆಯಲ್ಲಿ ನಮ್ಮ ಗಿರ್ಲು, ಮುರುಗೋಡು ಇರಬೇಕೇ ಹೊರತು ಅಮೆಜಾನಿನ ಮೀನಲ್ಲ. ಕೆರೆಗೆ ಬಿಡೋದು ದಾನ ಅಲ್ಲ.

ಕೊನೆಗೂ ನಾಲ್ಕು ಮನೆ ಸಿಕ್ಕಿತು. ಆರಾರರಂತೆ 24 ಹೋದವು. ಆಫೀಸಿನ ಗೆಳೆಯರೊಬ್ಬರ ನಾಲ್ಕಡಿ ಟ್ಯಾಂಕಿಗೆ ಹತ್ತು. ಉಳಿದ ಹನ್ನೆರಡು, ಹಳೇ ಆರು, ಒಟ್ಟು ಹದಿನೆಂಟು ನಮ್ಮಲ್ಲೇ ಇವೆ. ಮೂರಡಿ ಟ್ಯಾಂಕು ಅದು, ತಳ ಭರ್ತಿ.

2025ರ ಮೇ ತಿಂಗಳಲ್ಲಿ ಬೆಂಗಳೂರಿಗೆ ಮತ್ತೆ ದೊಡ್ಡ ಮಳೆ ಬಂತು. ಈ ಸಲ ನಾನು ತಣ್ಣೀರು ಸುರಿಯಲಿಲ್ಲ, ನಾಟಕವೂ ಆಡಲಿಲ್ಲ. ಬೆಳಗ್ಗೆ ನೋಡಿದರೆ ಗಾಜಿನ ತುಂಬ ಮೊಟ್ಟೆ. ಮೀಸೆ ಮತ್ತೆ ಬಂದ ಆ ಹಳೇ ಹೆಣ್ಣು ಇನ್ನೂ ಬೊಗಸೆ ಹಿಡಿದುಕೊಂಡು ಓಡಾಡ್ತಾ ಇತ್ತು.

ಐಸ್‌ಕ್ರೀಂ ಡಬ್ಬಿ ತೊಳೆದು ತಂದೆ. ಗಾಜಿನ ಮುಂದೆ ಕೂತೆ. ಮೀನು ಬೇಕು ಅಂತ ಷರತ್ತಿಗೆ ಒಪ್ಪಿ ಮೊದಲೇ ಹೇಳಿಟ್ಟಿದ್ದವರು ಇಬ್ಬರು, ಅಂದ್ರೆ ಹನ್ನೆರಡು ಮೀನು. ಬೂಸ್ಟಿಗೆ, ಮೊದಲ ಎರಡು ವಾರಕ್ಕೆ ಹೋಗೋದನ್ನು ಕಳೆದು ಲೆಕ್ಕ ಹಾಕಿ 30 ಮೊಟ್ಟೆ ತೆಗೆದೆ. ಉಳಿದದ್ದನ್ನು ಗಾಜಿನ ಮೇಲೇ ಬಿಟ್ಟೆ. ಸಂಜೆ ಹೊತ್ತಿಗೆ ಅವೇ ಸಾಲಾಗಿ ಬಂದು ತಿಂದು ಮುಗಿಸಿದವು.